ಕಟಿಂಗ್ ಶಾಪಾ, ಮನೆಗೆ ಕರ್ಸೋದಾ, ಮನೆ ಪಾರ್ಲರಾ? ನಮ್ಮ ಉತ್ತರ ಕನ್ನಡದಲ್ಲಿ ಯಾವ ಕೆಲ್ಸಕ್ಕೆ ಎಲ್ಲಿ

ಮದುವೆ ಸೀಸನ್ ಹತ್ರ ಬಂತು ಅಂದ್ರೆ ಕಾರವಾರ ಇರ್ಲಿ ಕುಮಟಾ ಇರ್ಲಿ ಶಿರಸಿ ಇರ್ಲಿ, ಮನೆಲಿ ಇದೇ ಚರ್ಚೆ. ಪಾರ್ಲರಿಗೆ ಹೋಗೋದಾ ಇಲ್ಲಾ ಮನೆಗೇ ಕರ್ಸೋದಾ, ಮನೆಗೆ ಬರೋರಿಗೆ ಲೈಸೆನ್ಸ್ ಅಂತ ಎಂತಾರು ಇರ್ತದಾ, ಹೆಚ್ಚುಕಮ್ಮಿ ಆದ್ರೆ ಯಾರನ್ನ ಹಿಡಿಯೋದು. ಹಾಸಿಗೆ ಹಿಡ್ದ ಅಜ್ಜನ ದಾಡಿಯಿಂದ ಹಿಡ್ದು ಮದುಮಗಳ ಮೇಕಪ್ ತನಕ ಎಲ್ಲದಕ್ಕೂ ಇದೇ ಪ್ರಶ್ನೆ.

ನನ್ನ ಲೆಕ್ಕ ಹೇಳ್ಬಿಡ್ತೆ. ಜಾಗ ನೋಡೋಕಿಂತ ಮೊದ್ಲು ಮಾಡಿಸ್ಕೊಳ್ಳೋ ಕೆಲ್ಸ ಯಾವ್ದು ಅಂತ ನೋಡ್ಬೇಕು. ಬರೀ ಕೂದ್ಲು ಕತ್ರಿಸೋದಾದ್ರೆ ಮನೆ ಜಗುಲಿ ಮೇಲೆ ಕೂತು ಮಾಡ್ಸಿದ್ರೂ ಅಡ್ಡಿಲ್ಲ. ಬ್ಲೇಡು ಬಂತು ಅಂದ್ರೆ ಅದ್ರ ಕಾಗದ ನಿಮ್ಮ ಕಣ್ಣೆದ್ರೇ ಬಿಚ್ಚಬೇಕು. ಕೆಮಿಕಲ್ ಬಂತು ಅಂದ್ರೆ ಗಾಳಿ ಆಡೋ ಜಾಗ, ಹರಿಯೋ ನೀರು, ನಾಳೆನೂ ಸಿಗೋ ವಿಳಾಸ ಮೂರೂ ಬೇಕು. ಸೂಜಿ ಬಂತು ಅಂದ್ರೆ ಸೀದಾ ಡಾಕ್ಟರು, ಬೇರೆ ಮಾತೇ ಬೇಡ.

ಗೋಡೆ ಮೇಲಿರೋ ಲೈಸೆನ್ಸ್ ಯಾವ್ದರದ್ದು

ಸುಮಾರು ಜನ ತಿಳ್ಕೊಂಡಿರೋದು ಎಂತ ಅಂದ್ರೆ ಸಲೂನಿನ ಗೋಡೆಗೆ ಫ್ರೇಮ್ ಹಾಕಿ ಇಟ್ಟಿರೋದು ಕಟಿಂಗ್ ಮಾಡೋರ ಲೈಸೆನ್ಸ್ ಅಂತ. ಅಲ್ಲ ಮಾರಾಯ್ರೆ. ಅದು ನಗರಸಭೆ ಅಥವಾ ಪುರಸಭೆ ಕೊಡೋ ಉದ್ದಿಮೆ ಪರವಾನಗಿ, ಇದಕ್ಕೆ ಮೂಲ 1964ರ ಪುರಸಭೆಗಳ ಕಾಯ್ದೆ. ಹಳ್ಳಿ ಕಡೆ ಆದ್ರೆ 1993ರ ಪಂಚಾಯತ್ ರಾಜ್ ಕಾಯ್ದೆ ಕೆಳಗೆ ಗ್ರಾಮ ಪಂಚಾಯ್ತಿಯಿಂದ. ಅದ್ರ ಪಕ್ಕ ಇನ್ನೊಂದು ಕಾಗದ ಇದ್ರೆ ಅದು ಕಾರ್ಮಿಕ ಇಲಾಖೆದು, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಮಾಡ್ಸಿದ ನೋಂದಣಿ. ಅದ್ರಲ್ಲಿ ಕೆಲ್ಸಗಾರರು ಎಷ್ಟು ಅಂತೆಲ್ಲ ಬರ್ತದೆ. ಎರಡೂ ಅಂಗಡಿಗೆ ಸಂಬಂಧಪಟ್ಟಿದ್ದು. ಕತ್ತರಿ ಹಿಡ್ದವ್ರ ಕೈ ಪಳಗಿದ್ಯಾ, ಬ್ಲೇಡ್ ಬದಲಾಯಿಸ್ತಾರಾ, ಇದ್ರ ಬಗ್ಗೆ ಆ ಕಾಗದದಲ್ಲಿ ಎಂತದೂ ಇಲ್ಲ. ನಮ್ಮಲ್ಲಿ ಕ್ಷೌರಕ್ಕಾಗ್ಲಿ ಮೇಕಪ್ಪಿಗಾಗ್ಲಿ ಸರ್ಕಾರಿ ಪರೀಕ್ಷೆ ಪಾಸಾಗ್ಲೇಬೇಕು ಅನ್ನೋ ನಿಯಮ ಇಲ್ಲ.

ಅಮೆರಿಕದಲ್ಲಿ ಹಂಗಲ್ಲ, ಅಲ್ಲಿ ರಾಜ್ಯ ಸರ್ಕಾರಗಳು ಲೈಸೆನ್ಸ್ ಕೊಡೋದು ವ್ಯಕ್ತಿಗೆ, ಅಂಗಡಿಗೆ ಬೇರೆ. ಟೆಕ್ಸಾಸಲ್ಲಿ ಕಾಸ್ಮೆಟಾಲಜಿ, ಅಂದ್ರೆ ಕೂದ್ಲು ಚರ್ಮದ ಅಲಂಕಾರದ ಕಸುಬಿನ ಲೈಸೆನ್ಸ್ ಬೇಕು ಅಂದ್ರೆ 1000 ಗಂಟೆ ಕಲೀಬೇಕು. ಅದಕ್ಕೇ ಅಲ್ಲಿ ಲೈಸೆನ್ಸ್ ಇರೋ ವ್ಯಕ್ತಿ ಸಲೂನ್ ಬಿಟ್ಟು ಗಿರಾಕಿ ಮನೆಗೆ ಹೋಗ್ಬಹುದಾ ಅನ್ನೋದೇ ದೊಡ್ಡ ಗಲಾಟೆ. ಆನ್‌ಲೈನಲ್ಲಿ ಮೊದ್ಲೇ ಬುಕ್ ಮಾಡಿ ಸಲೂನಿನ ಹೊರಗೆ ಮಾಡೋ ಸೇವೆಗೆ ಟೆಕ್ಸಾಸ್ ಬೇರೇನೇ ನಿಯಮ ಮಾಡಿಟ್ಟಿದೆ. ಇಂಗ್ಲೆಂಡ್ ಇದಕ್ಕೆ ಪೂರ್ತಿ ಉಲ್ಟಾ, 1964ರಲ್ಲಿ ಒಂದು ಕಾಯ್ದೆ ಮಾಡಿದ್ರು, ಆದ್ರೆ ಹೆಸರು ನೋಂದಾಯಿಸೋದು ಬಿಡೋದು ಅವ್ರವ್ರ ಇಷ್ಟ. ನಾವು ಈ ವಿಷಯದಲ್ಲಿ ಇಂಗ್ಲೆಂಡ್ ಕಡೆಯವ್ರೇ ಅನ್ನಿ.

ಹಂಗಾಗಿ "ಲೈಸೆನ್ಸ್ ಇದ್ಯಾ" ಅಂತ ಕೇಳಿದ್ರೆ ನಮ್ಮಲ್ಲಿ ಸಿಗೋದು ಅರ್ಧ ಉತ್ತರ. ಅಂಗಡಿಗೆ ಒಂದು ವಿಳಾಸ ಇದೆ, ಬಿಲ್ ಕೇಳಬಹುದು, ಜಗಳ ಆಡೋಕೆ ಒಂದು ಬಾಗಿಲು ಇದೆ ಅಷ್ಟು ಗೊತ್ತಾಗ್ತದೆ. ಅದೂ ಸಣ್ಣದಲ್ಲ ಬಿಡಿ.

ವ್ಯಕ್ತಿ ಹತ್ರ ಇರಬಹುದಾದ ಕಾಗದ ಬೇರೆ. ಐಟಿಐನಲ್ಲಿ ಕಾಸ್ಮೆಟಾಲಜಿ ಟ್ರೇಡ್ ಮುಗಿಸಿರಬಹುದು, ಕೌಶಲ್ಯ ತರಬೇತಿ ಸರ್ಟಿಫಿಕೇಟ್ ಇರಬಹುದು. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿನೂ ಸೇರಿದೆ, ಅದ್ರಲ್ಲಿ ತರಬೇತಿ, ಗುರುತಿನ ಚೀಟಿ, ಸಲಕರಣೆಗೆ 15,000 ರೂಪಾಯಿ, ಆಮೇಲೆ 5 ಪರ್ಸೆಂಟ್ ಬಡ್ಡಿಗೆ ಮೊದ್ಲು 1 ಲಕ್ಷದ ತನಕ ಸಾಲ ಸಿಗ್ತದೆ. ಅಂಗಡಿ ಇಲ್ದೇ ಬ್ಯಾಗ್ ಹಿಡ್ಕೊಂಡು ಮನೆಮನೆಗೆ ಹೋಗೋರಿಗೂ ಇದು ಆಗ್ತದೆ. ರಸ್ತೆ ಬದಿ ಕನ್ನಡಿ ನೇತು ಹಾಕಿ ಕೂತವ್ರೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅಡಿ ಬರ್ತಾರೆ, ಯಾಕಂದ್ರೆ ಅದ್ರಲ್ಲಿ ಸಾಮಾನು ಮಾರೋರು ಮಾತ್ರ ಅಲ್ಲ ಸೇವೆ ಕೊಡೋರೂ ಇದ್ದಾರೆ. ರಸ್ತೆ ಬದಿ ಅಂದ ಕೂಡ್ಲೆ ಅಕ್ರಮ ಅಂದ್ಕೊಳ್ಳೋದು ಬೇಡ.

ಅಂಗಡಿ ಮತ್ತೆ ಮನೆಗೆ ಬರೋ ಕ್ಷೌರಿಕರು

ಗಂಡಸ್ರ ಮಾಮೂಲಿ ಕಟಿಂಗ್ ದಾಡಿಗೆ ನನ್ನ ಓಟು ಅಂಗಡಿಗೇ. ಬೆಳಕು ಚೆನ್ನಾಗಿರ್ತದೆ, ಕುರ್ಚಿ ಎತ್ತರ ಇರ್ತದೆ, ಮತ್ತೆ ನಾಲ್ಕು ಜನ ನೋಡ್ತಿರೋದ್ರಿಂದ ಹಳೇ ಬ್ಲೇಡ್ ಹಾಕೋ ಧೈರ್ಯ ಕಮ್ಮಿ. ಈಗ ಹೆಚ್ಚಿನ ಕಡೆ ಬ್ಲೇಡ್ ಅರ್ಧ ಮುರ್ದು ಹೊಸದು ಹಾಕ್ತಾರೆ, ಸಮಸ್ಯೆ ಬರೋದು ಬೇರೆ ಸಾಮಾನಿಂದ. ದಾಡಿ ಆದ್ಮೇಲೆ ಉಜ್ಜೋ ಸ್ಫಟಿಕದ ಕಲ್ಲು ನೋಡಿ, ಬೆಳಗ್ಗಿಂದ ಬಂದ ಎಲ್ರ ಗಾಯದ ಮೇಲೂ ಅದೇ ಕಲ್ಲು ಓಡಾಡಿರ್ತದೆ. ಲಿವರ್ ಹಾಳು ಮಾಡೋ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕಮ್ಮಿ ಅಂದ್ರೆ 7 ದಿನ ಜೀವಂತ ಇರ್ತದೆ, ಕಣ್ಣಿಗೆ ಕಾಣೋಷ್ಟು ರಕ್ತ ಇರ್ಬೇಕು ಅಂತನೂ ಇಲ್ಲ. ಇದನ್ನ ತಡೆಯೋ ಲಸಿಕೆ ನಮ್ಮ ದೇಶದ ಎಲ್ಲಾ ಕಡೆ ಮಕ್ಕಳ ಪಟ್ಟಿಗೆ ಸೇರೋ ಹೊತ್ತಿಗೆ 2011 ಆಗಿತ್ತು, ಅಂದ್ರೆ ಈಗ ದಾಡಿ ಮಾಡ್ಸೋ ವಯಸ್ಸಿನ ಬಹಳಷ್ಟು ಜನ ಚಿಕ್ಕಂದಿನಲ್ಲಿ ಅದನ್ನ ತಗೊಂಡಿರೋದು ಅನುಮಾನ. "ಅಣ್ಣಾ, ಕಲ್ಲು ಬೇಡ, ನೀರು ಸಾಕು" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ.

ಇನ್ನೊಂದು, ನೀಲಿ ಲೈಟ್ ಬರೋ ಪೆಟ್ಟಿಗೆ. ಅದ್ರಲ್ಲಿ ಬಾಚಣಿಕೆ ಕತ್ತರಿ ಇಟ್ಟಿದ್ರೆ ಎಲ್ಲಾ ಶುದ್ಧ ಅಂತ ನಂಬಬೇಡಿ. ಆ ಬೆಳಕು ಬಿದ್ದ ಜಾಗಕ್ಕೆ ಮಾತ್ರ ಕೆಲ್ಸ ಮಾಡ್ತದೆ, ಕೂದ್ಲು ಎಣ್ಣೆ ಮೆತ್ತಿದ್ರೆ ಅದ್ರ ಅಡಿಗೆ ಹೋಗೋದಿಲ್ಲ. ತೊಳೆದು, 70 ಪರ್ಸೆಂಟ್ ಸ್ಪಿರಿಟ್ಟಲ್ಲಿ ಒರೆಸಿ, ಆಮೇಲೆ ಪೆಟ್ಟಿಗೆಲಿ ಇಟ್ರೆ ಸರಿ.

ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ಕೆಟ್ಟದ್ದು ಟವೆಲ್ಲು. ಜೂನಿಂದ ಸೆಪ್ಟೆಂಬರ್ ತನಕ ಕರಾವಳಿಲಿ ಬಟ್ಟೆ ಒಣಗೋದೇ ಇಲ್ಲ, ಫ್ಯಾನ್ ಅಡಿ ಹಾಕಿದ ಅರೆ ಹಸಿ ಟವೆಲ್ ಒಬ್ಬರ ಕುತ್ತಿಗೆಯಿಂದ ಇನ್ನೊಬ್ಬರ ಕುತ್ತಿಗೆಗೆ ಹೋಗ್ತದೆ, ಗಜಕರ್ಣ ಹರಡೋಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ. ಮನೆಯಿಂದ ಒಂದು ಸಣ್ಣ ಟವೆಲ್ ಒಯ್ಯಿರಿ. ನಾಚಿಕೆ ಪಡೋಂಥದ್ದು ಎಂತ ಇಲ್ಲ.

ಮನೆಗೆ ಕರ್ಸೋದು ಯಾವಾಗ ಒಳ್ಳೇದು ಅಂದ್ರೆ, ಏಳೋಕೆ ಆಗದ ವಯಸ್ಸಾದವ್ರು, ಆಪರೇಷನ್ ಆಗಿ ಮಲಗಿರೋರು, ಅಂಗಡಿ ಗದ್ದಲ ತಡ್ಕೊಳ್ಳದ ಮಕ್ಕಳು. ಸಿದ್ದಾಪುರ ಯಲ್ಲಾಪುರ ಕಡೆ ಒಂಟಿ ಮನೆಗಳಿಂದ ಅಜ್ಜನ್ನ ಪೇಟೆಗೆ ಕರ್ಕೊಂಡು ಬರೋಕೆ ಗಾಡಿ ಬಾಡಿಗೆನೇ ಜಾಸ್ತಿ, ಅದ್ರ ಬದ್ಲು ಬರೋರಿಗೆ ಪೆಟ್ರೋಲ್ ಕಾಸು ಸೇರ್ಸಿ ಕೊಟ್ರೆ ಇಬ್ರಿಗೂ ಅನುಕೂಲ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಬ್ಲೇಡ್ ಬೇಡವೇ ಬೇಡ, ಟ್ರಿಮ್ಮರ್ ಹೊಡ್ಸಿ ಬಿಡಿ, ಸಣ್ಣ ಗೀರಾದ್ರೂ ರಕ್ತ ನಿಲ್ಲೋಕೆ ಹೊತ್ತು ಹಿಡೀತದೆ. ಶುಗರ್ ಇರೋರ ಕಾಲಿನ ಆಣಿ, ದಪ್ಪ ಚರ್ಮ ಯಾರ ಕೈಲೂ ಕೆತ್ತಿಸಬೇಡಿ, ಪೆಡಿಕ್ಯೂರ್ ಅಂತ ಹೇಳಿದ್ರೂ ಬೇಡ. ಬ್ಲೇಡಿನ ಪ್ಯಾಕೆಟ್, ಟವೆಲ್, ಬಾಚಣಿಕೆ ನಿಮ್ಮದೇ ಇರ್ಲಿ, ಬರೋರ ಬ್ಯಾಗಿಂದ ಕತ್ತರಿ ಮತ್ತೆ ಮಷೀನ್ ಮಾತ್ರ ಹೊರಗೆ ಬರ್ಲಿ. ಹಿಂಗೆ ಮಾಡಿದ್ರೆ ಅಂಗಡಿಗಿಂತ ಮನೆನೇ ಶುದ್ಧ.

ಅಂದ ಹಾಗೆ ಮನೆಗೆ ಬಂದು ಕ್ಷೌರ ಮಾಡೋದು ನಮ್ಮಲ್ಲಿ ಹೊಸ ಸ್ಟಾರ್ಟಪ್ ಐಡಿಯಾ ಅಲ್ಲ. ಚೌಲ, ಉಪನಯನ, ಸಾವಿನ ಕರ್ಮ, ಗೋಕರ್ಣದಲ್ಲಿ ಪಿತೃಕಾರ್ಯಕ್ಕೆ ತಲೆ ಬೋಳಿಸೋದು, ಇದೆಲ್ಲ ಸಲೂನಿನ ಹೊರಗೇ ನಡ್ಕೊಂಡು ಬಂದಿದ್ದು, ಇದನ್ನ ನಾಲ್ಕು ಗೋಡೆ ಒಳಗೇ ಮಾಡಿ ಅಂತ ಯಾವ ಕಾನೂನು ತಂದ್ರೂ ನಡೆಯೋದಿಲ್ಲ. ಆದ್ರೆ ಇಲ್ಲೇ ಬ್ಲೇಡಿನ ಎಚ್ಚರ ಜಾಸ್ತಿ ಬೇಕು. ಅಣ್ಣ ತಮ್ಮಂದಿರು ಸಾಲಾಗಿ ಕೂತಿರ್ತಾರೆ, ದುಃಖದಲ್ಲಿರ್ತಾರೆ, ಯಾರು ನೋಡ್ತಾರೆ ಬ್ಲೇಡ್ ಬದಲಾಯ್ತಾ ಇಲ್ವಾ ಅಂತ. ಮನೆಯ ಯಾರಾದ್ರೂ ಒಬ್ರು ಪ್ಯಾಕೆಟ್ ತಂದಿಟ್ಟು ಒಬ್ಬೊಬ್ಬರಿಗೂ ಹೊಸದು ಕೊಡೋ ಜವಾಬ್ದಾರಿ ತಗೊಳ್ಳಿ.

ಮನೆಲೇ ಇರೋ ಪಾರ್ಲರ್

ಹೆಂಗಸ್ರ ಕಡೆ ಬಂದ್ರೆ ನಮ್ಮಲ್ಲಿ ಅತಿ ಹೆಚ್ಚು ನಡೆಯೋದು ಇದೇ. ಮನೆ ಮುಂದಿನ ಒಂದು ರೂಮು, ಒಂದು ಕನ್ನಡಿ, ವಾಟ್ಸಾಪ್ ಸ್ಟೇಟಸ್ಸಲ್ಲಿ ರೇಟು. ಬೋರ್ಡ್ ಇರೋದಿಲ್ಲ, ಉದ್ದಿಮೆ ಪರವಾನಗಿನೂ ಇರೋದಿಲ್ಲ. ಯಾಕೆ ಅಂತ ನೋಡಿದ್ರೆ, ಕಾಗದದ ಮೇಲೆ ವ್ಯಾಪಾರ ಅಂತ ತೋರ್ಸಿದ್ರೆ ಹೆಸ್ಕಾಂ ಮೀಟರ್ ಕಮರ್ಷಿಯಲ್ ಮಾಡ್ಬೇಕು, ಗೃಹಜ್ಯೋತಿ ಇರೋದು ಮನೆ ಬಳಕೆಗೆ ಮಾತ್ರ, ಅದೂ ಹೋಯ್ತು. ಐಬ್ರೋ ಮಾಡಿ ಬರೋ ದುಡ್ಡಿಗೆ ಇಷ್ಟೆಲ್ಲ ಯಾರು ಮೈಮೇಲೆ ಹಾಕ್ಕೊಳ್ತಾರೆ ಹೇಳಿ. ಅವ್ರನ್ನ ಕಳ್ಳರ ತರ ನೋಡೋದು ನಂಗೆ ಸರಿ ಕಾಣ್ಸೋದಿಲ್ಲ. ಹಂಗಂತ ಅಲ್ಲಿ ಎಲ್ಲಾ ಮಾಡ್ಸಿ ಅಂತನೂ ಹೇಳೋದಿಲ್ಲ.

ಥ್ರೆಡಿಂಗ್, ವ್ಯಾಕ್ಸಿಂಗ್, ಸಾದಾ ಫೇಶಿಯಲ್, ಹೇರ್‌ಕಟ್ ಆರಾಮಾಗಿ ಮಾಡ್ಸಿ. ಥ್ರೆಡಿಂಗಲ್ಲಿ ದಾರದ ತುದಿ ಹಲ್ಲಲ್ಲಿ ಕಚ್ಚಿ ಹಿಡಿಯೋ ಪದ್ಧತಿ ಇದೆ, ಎಂಜಲು ತಾಗಿದ ದಾರ ನಿಮ್ಮ ಹುಬ್ಬಿನ ಮೇಲೆ ಓಡ್ತದೆ. ಕುತ್ತಿಗೆಗೆ ಸುತ್ಕೊಂಡು ಮಾಡೋರೂ ಇದ್ದಾರೆ, "ಅಕ್ಕಾ, ಹಂಗೆ ಮಾಡ್ತೀರಾ" ಅಂತ ಕೇಳಿ. ವ್ಯಾಕ್ಸಲ್ಲಿ ಒಂದೇ ಕಡ್ಡಿ ಮೈಗೂ ಡಬ್ಬಿಗೂ ಹೋಗ್ತಾ ಬರ್ತಾ ಇದ್ರೆ ಎದ್ದು ಬನ್ನಿ, ಬಿಸಿ ಇದೆ ಕ್ರಿಮಿ ಸಾಯ್ತದೆ ಅನ್ನೋದೆಲ್ಲ ಸುಳ್ಳು, ಚರ್ಮ ಸುಡದಷ್ಟು ಬಿಸಿಗೆ ಕ್ರಿಮಿನೂ ಸಾಯೋದಿಲ್ಲ.

ಡೈ, ಬ್ಲೀಚ್, ಸ್ಮೂದನಿಂಗ್, ಕೆರಾಟಿನ್ ಬಂತು ಅಂದ್ರೆ ನಾನು ಮನೆ ಪಾರ್ಲರ್ ಬಿಟ್ಟು ಸರಿಯಾದ ಸಲೂನಿಗೇ ಹೋಗಿ ಅಂತೀನಿ. ಕಪ್ಪು ಡೈಯಲ್ಲಿ ಪಿಪಿಡಿ ಅನ್ನೋ ಕೆಮಿಕಲ್ ಇರ್ತದೆ, ಕೆಲವ್ರಿಗೆ ಮುಖ ಬಾತು ಕಣ್ಣು ಮುಚ್ಚಿಹೋಗೋಷ್ಟು ಅಲರ್ಜಿ ಮಾಡ್ತದೆ. ಕಿವಿ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯ್ಬೇಕು, ಇದೇ ಪ್ಯಾಚ್ ಟೆಸ್ಟ್. ಹತ್ತು ನಿಮಿಷದಲ್ಲಿ ಮುಗಿಸಿ "ಎಂತ ಆಗ್ಲಿಲ್ಲ ನೋಡಿ" ಅಂದ್ರೆ ಅದು ಟೆಸ್ಟೇ ಅಲ್ಲ. ಕೂದ್ಲು ನೇರ ಮಾಡೋ ಎಷ್ಟೋ ಕ್ರೀಮುಗಳಿಂದ ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರ್ತದೆ, ಅದು ಕ್ಯಾನ್ಸರ್‌ಕಾರಕ ಅಂತ ಪಟ್ಟಿಲಿ ಇರೋ ವಸ್ತು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಹಾಕಿದ ಹತ್ತಡಿ ರೂಮಲ್ಲಿ ಇದನ್ನ ಮಾಡ್ಸೋದು ಅಂದ್ರೆ ನಿಮಗೆ ಒಂದು ಸಲ, ಪಾಪ ಮಾಡೋ ಹೆಂಗಸಿಗೆ ದಿನಾ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಬರೆದ ಕೆಲವು ಡಬ್ಬಿಲಿ ಗ್ಲೈಆಕ್ಸಿಲಿಕ್ ಆಸಿಡ್ ಇರ್ತದೆ, ಅದ್ರಿಂದ ಕಿಡ್ನಿಗೆ ಪೆಟ್ಟು ಬಿದ್ದ ಬಗ್ಗೆನೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ.

ಹೆಸರಿಲ್ಲದ ಡಬ್ಬಿಲಿ ಕೊಡೋ ಬೆಳ್ಳಗಾಗೋ ಕ್ರೀಮು ಮುಟ್ಟೋದೇ ಬೇಡ. ಪಕ್ಕದ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮು ಹಚ್ಚಿದವ್ರಿಗೆ ಕಿಡ್ನಿ ಕಾಯಿಲೆ ಬಂದಿದ್ದು ಡಾಕ್ಟರುಗಳೇ ಹೊರಗೆ ಹಾಕಿದ ವಿಷಯ, ಕಾರಣ ಪಾದರಸ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೇಕಂತಲೇ ಹಾಕೋ ಹಾಗೇ ಇಲ್ಲ, ತಿಳೀದೆ ಸೇರಿದ್ರೂ ಹತ್ತು ಲಕ್ಷದಲ್ಲಿ 1 ಭಾಗ ಮೀರಬಾರ್ದು. ಡಬ್ಬಿ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ನೋಡಿ. ಇಲ್ಲಿ ಮಾತ್ರ ಲೈಸೆನ್ಸ್ ಅನ್ನೋ ಮಾತಿಗೆ ಪೂರ್ತಿ ಬೆಲೆ ಇದೆ.

ಬೆಳ್ಳಗಾಗೋಕೆ ಅಂತ ಹಾಕೋ ಗ್ಲೂಟಾಥಯೋನ್ ಡ್ರಿಪ್, ಸುಕ್ಕು ಹೋಗ್ಸೋ ಬೊಟಾಕ್ಸ್, ಚರ್ಮಕ್ಕೆ ಸೂಜಿ ಚುಚ್ಚೋ ಟ್ರೀಟ್‌ಮೆಂಟ್ ಪಾರ್ಲರಲ್ಲಿ ಇರಲಿ, ಎಷ್ಟು ಹೊಳೆಯೋ ಎಸಿ ಸಲೂನಲ್ಲೇ ಇರಲಿ, ಮಾಡ್ಸಬಾರ್ದು. ಅದು ಚರ್ಮದ ಡಾಕ್ಟರ ಕೆಲ್ಸ, ಕ್ಲಿನಿಕ್ಕಿಗೆ ಕೆಪಿಎಂಇ, ಅಂದ್ರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕೆಳಗಿನ ನೋಂದಣಿ ಇರ್ಬೇಕು.

ಬೀಚು ಮತ್ತೆ ಜಾತ್ರೆ

ಓಂ ಬೀಚ್, ಕುಡ್ಲೆ, ಮುರ್ಡೇಶ್ವರ ಕಡೆ ಕೂದ್ಲು ಹೆಣೆಯೋದು, ಮೆಹಂದಿ, ಟ್ಯಾಟೂ. ಶಿರಸಿ ಮಾರಿಕಾಂಬಾ ಜಾತ್ರೆಲಿ ಹಚ್ಚೆ. ಹೆಣೆಯೋದು ಖುಷಿಗೆ ಮಾಡ್ಸಿ, ತೊಂದ್ರೆ ಇಲ್ಲ. ಮೆಹಂದಿ ಒಂದು ಗಂಟೆ ಒಳಗೆ ಕಡು ಕಪ್ಪಾಗ್ತದೆ ಅಂದ್ರೆ ಅದು ಸೊಪ್ಪಿನದ್ದಲ್ಲ, ಮೇಲೆ ಹೇಳಿದ ಪಿಪಿಡಿನೇ. ನಿಜವಾದ ಮೆಹಂದಿ ಮೊದ್ಲು ಕಿತ್ತಳೆ, ಮಾರನೇ ದಿನ ಕೆಂಪುಕಂದು. ಟ್ಯಾಟೂಗೆ ಸೂಜಿ ಹೊಸದಿದ್ರೂ ಶಾಯಿ ಹಿಂದಿನವ್ರಿಗೆ ಅದ್ದಿದ ಬಟ್ಟಲಿಂದನೇ ಆದ್ರೆ ಉಪಯೋಗ ಇಲ್ಲ, ನಾಳೆ ಆ ಟೆಂಟೂ ಅಲ್ಲಿರೋದಿಲ್ಲ. ಬೇಡ.

ಯಾವ ನಿಯಮ ಬಂದ್ರೆ ಒಳ್ಳೇದು ಅಂತ ಕೇಳಿದ್ರೆ, ಟೆಕ್ಸಾಸಿನ 1000 ಗಂಟೆ ನಮ್ಮಲ್ಲಿ ತಂದ್ರೆ ಮೊದ್ಲು ಹೊರಗೆ ಬೀಳೋರು ತಲೆಮಾರಿಂದ ಕಸುಬು ಮಾಡ್ಕೊಂಡು ಬಂದವ್ರು ಮತ್ತೆ ಮನೆಲೇ ದುಡಿಯೋ ಹೆಂಗಸ್ರು. ಬ್ಲೇಡು, ಸ್ಪಿರಿಟ್ಟು, ಪ್ಯಾಚ್ ಟೆಸ್ಟ್ ಇಷ್ಟು ಕಲ್ಸಿ, ಫೋಟೋ ಇರೋ ಒಂದು ಚೀಟಿ ವ್ಯಕ್ತಿ ಹೆಸರಿಗೇ ಕೊಡ್ಲಿ, ಅಂಗಡಿ ಇರ್ಲಿ ಬಿಡ್ಲಿ. ಕೆಮಿಕಲ್ ಕೆಲ್ಸಕ್ಕೆ ಮಾತ್ರ ಜಾಗದ ತಪಾಸಣೆ ಗಟ್ಟಿ ಮಾಡ್ಲಿ. ಈಗ ಇರೋದು ಇದಕ್ಕೆ ತದ್ವಿರುದ್ಧ.

ಮದುಮಗಳ ಮೇಕಪ್ಪು, ದುಡ್ಡಿನ ಮಾತು

ಇದೊಂದರಲ್ಲಿ ಮನೆಗೆ ಅಥವಾ ಛತ್ರಕ್ಕೆ ಕರ್ಸೋದೇ ವಾಸಿ, ಮುಹೂರ್ತ ಬೆಳಗ್ಗೆ ಬೇಗ ಇದ್ರೆ ಸೀರೆ ಉಟ್ಟು ಪಾರ್ಲರಿಂದ ಬರೋಕೆ ಎಲ್ಲಿ ಆಗ್ತದೆ. ಆದ್ರೆ ಇನ್‌ಸ್ಟಾದ ಫಿಲ್ಟರ್ ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ, ಒಂದು ಟ್ರಯಲ್ ಮಾಡ್ಸಿ, ಹಗಲು ಬೆಳಕಲ್ಲಿ ನೋಡಿ. ಕಾಜಲ್, ಲಿಪ್‌ಸ್ಟಿಕ್ ನಿಮ್ಮದೇ ಕೊಡಿ, ಒಂದೇ ಕಾಜಲ್ ಕಡ್ಡಿ ಹತ್ತು ಮದುಮಕ್ಕಳ ಕಣ್ಣಿಗೆ ಹೋಗಿ ಬಂದಿದ್ರೆ ಮದುವೆ ಮಾರನೇ ದಿನ ಕೆಂಗಣ್ಣು. ವಾಟ್ಸಾಪಲ್ಲೇ ಬರೆಸ್ಕೊಳ್ಳಿ: ಎಷ್ಟು ಗಂಟೆಗೆ ಬರ್ತಾರೆ, ಮದುಮಗಳ ಜೊತೆ ಅಮ್ಮ ಅಕ್ಕ ಸೇರಿ ಎಷ್ಟು ಜನ, ಸೀರೆ ಉಡಿಸೋದು ಸೇರಿದ್ಯಾ, ಪ್ರಯಾಣದ ಖರ್ಚು ಯಾರದ್ದು, ಅವ್ರಿಗೆ ಬರೋಕೆ ಆಗದಿದ್ರೆ ಬದ್ಲಿಗೆ ಯಾರು. ಘಟ್ಟದ ಮೇಲಿನ ಮದುವೆಗೆ ಕರಾವಳಿಯವ್ರನ್ನ ಹೇಳಿದ್ರೆ ಹಿಂದಿನ ರಾತ್ರಿನೇ ಕರ್ಸಿ ಉಳಿಸ್ಕೊಳ್ಳಿ, ದೇವಿಮನೆ ಘಾಟಿ ನಂಬ್ಕೊಂಡು ಮುಹೂರ್ತ ಇಟ್ಕೊಳ್ಳೋಕೆ ಆಗೋದಿಲ್ಲ, ಅದ್ರಲ್ಲೂ 2024ರ ಜುಲೈಯಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿನೇ ಬಂದ್ ಆಗಿದ್ದು ನೋಡಿದ ಮೇಲೆ.

ಜಿಎಸ್‌ಟಿ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಗೆ 18 ಇದ್ದಿದ್ದು 5 ಪರ್ಸೆಂಟ್ ಆಗಿದೆ. ವರ್ಷಕ್ಕೆ 20 ಲಕ್ಷದೊಳಗೆ ವ್ಯವಹಾರ ಮಾಡೋ ಸಣ್ಣವ್ರು ಸಾಮಾನ್ಯವಾಗಿ ನೋಂದಣಿ ಮಾಡ್ಸಬೇಕಿಲ್ಲ, ಹಂಗಾಗಿ ಬಿಲ್ಲಲ್ಲಿ ಜಿಎಸ್‌ಟಿ ನಂಬರೇ ಇಲ್ದೇ ಟ್ಯಾಕ್ಸ್ ಅಂತ ಸೇರ್ಸಿದ್ರೆ ಕೊಡಬೇಡಿ.

ಹಾಳಾದ್ರೆ? ಮನೆಗೆ ಬಂದು ಮಾಡಿದ್ರೂ ದುಡ್ಡು ತಗೊಂಡು ಕೊಟ್ಟ ಸೇವೆ ಸೇವೆನೇ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರ್ತದೆ. ಮೊದ್ಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಗ್ಲಿಲ್ಲ ಅಂದ್ರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ, 2 ವರ್ಷದೊಳಗೆ ಹಾಕ್ಬೇಕು, ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ರೆ ಶುಲ್ಕನೂ ಇಲ್ಲ. ದಿಲ್ಲಿಯ ದೊಡ್ಡ ಹೋಟೆಲಿನ ಸಲೂನಲ್ಲಿ 2018ರಲ್ಲಿ ಕೂದ್ಲು ಜಾಸ್ತಿ ಕತ್ರಿಸಿದ್ದಕ್ಕೆ ರಾಷ್ಟ್ರೀಯ ಆಯೋಗ 2021ರಲ್ಲಿ 2 ಕೋಟಿ ಪರಿಹಾರ ಹೇಳಿತ್ತು, 2023ರಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತಕ್ಕೆ ಆಧಾರ ಎಲ್ಲಿ ಅಂತ ಕೇಳಿ ವಾಪಸ್ ಕಳಿಸ್ತು. ಅಷ್ಟು ದೊಡ್ಡ ಕೇಸೇ ದಾಖಲೆ ಮೇಲೆ ನಿಂತ್ರೆ ನಮ್ಮದು ಯಾವ ಲೆಕ್ಕ. ದುಡ್ಡು ಯುಪಿಐಲೇ ಕಳ್ಸಿ, ಹಚ್ಚೋ ಮೊದ್ಲು ಕ್ರೀಮಿನ ಡಬ್ಬಿದು ಹಿಂದೆ ಮುಂದೆ ಫೋಟೋ ತೆಗ್ದಿಟ್ಕೊಳ್ಳಿ, ಚರ್ಮ ಕೆಂಪಾದ್ರೆ ಅದೇ ದಿನ ಡಾಕ್ಟರಿಗೆ ತೋರ್ಸಿ ಚೀಟಿ ಇಟ್ಕೊಳ್ಳಿ. ಡಾಕ್ಟರಿಗೂ ಆ ಡಬ್ಬಿ ಫೋಟೋನೇ ಮೊದ್ಲು ಬೇಕಾಗೋದು.